ಮಲೆನಾಡಿನ ಸಣ್ಣ ಚರ್ಚಿನಲ್ಲಿ ಮನೆಭೇಟಿ ಸೇವೆ: ಶುರು ಮಾಡುವುದು ಹೇಗೆ, ನಿಲ್ಲದಂತೆ ನಡೆಸುವುದು ಹೇಗೆ

ಚರ್ಚಿನ ಸಮಾಜ ಸೇವೆ ಅಂದ ಕೂಡಲೇ ನಮ್ಮ ಕಡೆ ನೆನಪಾಗುವುದು ಅಕ್ಕಿ ಬೇಳೆಯ ಕಿಟ್, ಕಂಬಳಿ ಹಂಚುವುದು, ಒಂದು ದಿನದ ಆರೋಗ್ಯ ಶಿಬಿರ. ಇವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಇವತ್ತು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಕ್ಕಿ ಇದೆ, ಜನ ಇಲ್ಲ. ಮಕ್ಕಳು ಬೆಂಗಳೂರು, ಮಂಗಳೂರು, ದುಬೈ ಅಂತ ಹೋಗಿದ್ದಾರೆ. ತೋಟದ ನಡುವಿನ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ, ಕೆಲವು ಕಡೆ ಒಬ್ಬರೇ. ಪಕ್ಕದ ಮನೆಗೆ ಹೋಗಬೇಕು ಅಂದರೆ ಗದ್ದೆ ಅಂಚಿನಲ್ಲಿ ನಡೆದು ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟಬೇಕು. ಇಂಥವರಿಗೆ ವರ್ಷಕ್ಕೊಮ್ಮೆ ಬರುವ ಕಿಟ್‌ಗಿಂತ ವಾರಕ್ಕೊಮ್ಮೆ ಬಾಗಿಲಿಗೆ ಬಂದು ಕೂರುವ ಇಬ್ಬರು ಬೇಕು.

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಎನ್.ಆರ್. ಪುರ ಕಡೆಯ ಸಣ್ಣ ಚರ್ಚ್‌ಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಕ್ಯಾಥೊಲಿಕ್ ಆಗಲಿ, ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆ) ಆಗಲಿ, ಬೇರೆ ಸಭೆಯಾಗಲಿ, ಕೆಲಸ ಒಂದೇ. ಫಾದರ್ ಅಥವಾ ಪಾಸ್ಟರ್ ಒಬ್ಬರೇ ಎಲ್ಲ ಮನೆ ಮುಟ್ಟುವುದು ನಮ್ಮ ಕಡೆ ಆಗದ ಮಾತು. 1988ರಲ್ಲಿ ಆದ ಕ್ಯಾಥೊಲಿಕರ ಶಿವಮೊಗ್ಗ ಧರ್ಮಪ್ರಾಂತ್ಯವನ್ನೇ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ನೋಡಿ, ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆ ಅದರಲ್ಲಿವೆ. ಒಂದು ಕಡೆ ಪೂಜೆ ಮುಗಿಸಿ ಇನ್ನೊಂದು ಕಡೆಗೆ ಓಡುವ ಫಾದರ್‌ಗಳಿದ್ದಾರೆ. ಹಾಗಾಗಿ ಈ ಕೆಲಸ ಜನರೇ ಮಾಡಬೇಕಾದದ್ದು.

ಮೊದಲು ಜೋಡಿ, ಆಮೇಲೆ ಮನೆ

ಫಾದರ್ ಹತ್ತಿರ ಮಾತಾಡಿ ಒಪ್ಪಿಗೆ ತೆಗೆದುಕೊಳ್ಳಿ. ಅವರಿಗೆ ಗೊತ್ತಿಲ್ಲದೆ ಚರ್ಚಿನ ಹೆಸರಲ್ಲಿ ಯಾರ ಮನೆಗೂ ಹೋಗಬಾರದು. ಆಮೇಲೆ ಜನ ಹುಡುಕಿ. ಪೂಜೆ ಮುಗಿದ ಮೇಲೆ ಮೈಕಿನಲ್ಲಿ ‘ಆಸಕ್ತರು ಹೆಸರು ಕೊಡಿ’ ಅಂದರೆ ಮೂವತ್ತು ಹೆಸರು ಬರುತ್ತವೆ, ಮಳೆಗಾಲ ಶುರುವಾದ ಮೇಲೆ ಮೂರು ಉಳಿಯುತ್ತವೆ. ಒಬ್ಬೊಬ್ಬರನ್ನೇ ಕರೆದು ಕೇಳುವುದು ವಾಸಿ.

ಯಾರನ್ನು ಕೇಳಬೇಕು? ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರನ್ನು. ಇದಕ್ಕಿಂತ ದೊಡ್ಡ ಅರ್ಹತೆ ಇಲ್ಲ. ಒಂದು ಮನೆಯ ವಿಷಯ ಇನ್ನೊಂದು ಮನೆಯ ಜಗಲಿಯಲ್ಲಿ ಹೇಳುವವರು ಎಷ್ಟು ಭಕ್ತರಾಗಿದ್ದರೂ ಈ ಕೆಲಸಕ್ಕೆ ಬೇಡ. ಚೆನ್ನಾಗಿ ಪ್ರಾರ್ಥನೆ ಮಾಡಲು ಬರಬೇಕು, ಬೈಬಲ್ ಬಾಯಿಪಾಠ ಇರಬೇಕು ಅನ್ನುವುದೇನಿಲ್ಲ. ಸುಮ್ನೆ ಕೂತು ಕೇಳಲು ಬರಬೇಕು, ಅಷ್ಟೇ.

ಯಾವಾಗಲೂ ಇಬ್ಬರು ಹೋಗಬೇಕು. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ್ದು ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು ಬಡವರ ಮನೆಗೆ ಜೋಡಿಯಾಗಿ ಹೋಗುವ ಪದ್ಧತಿಯನ್ನು ಇವತ್ತಿಗೂ ಬಿಟ್ಟಿಲ್ಲ. ನಿಮ್ಮ ಚರ್ಚಿನಲ್ಲಿ ಆ ಸಭೆಯ ಘಟಕ ಇದ್ದರೆ ಅವರ ಜೊತೆಗೇ ಸೇರಿ, ಬೇರೆ ಗುಂಪು ಕಟ್ಟಬೇಡಿ. ಜೋಡಿಯಲ್ಲಿ ಒಬ್ಬರು ವಯಸ್ಸಾದ ಹೆಂಗಸು, ಒಬ್ಬರು ಗಾಡಿ ಓಡಿಸುವ ಹುಡುಗ ಅಥವಾ ಹುಡುಗಿ ಇದ್ದರೆ ತುಂಬಾ ಒಳ್ಳೆಯದು. ಒಂಟಿ ಹೆಂಗಸಿರುವ ಮನೆಗೆ ಇಬ್ಬರು ಗಂಡಸರು ಹೋಗುವುದು ಬೇಡ. ಹದಿನೆಂಟು ತುಂಬದ ಮಕ್ಕಳನ್ನು ಕಳಿಸುವುದಾದರೆ ದೊಡ್ಡವರಿಬ್ಬರ ಜೊತೆಗೇ ಕಳಿಸಿ.

ಒಂದು ಜೋಡಿಗೆ ಎಷ್ಟು ಮನೆ? ನಾಲ್ಕು ಸಾಕು. ಇಲ್ಲೇ ಎಲ್ಲರೂ ಎಡವುವುದು. ಶುರುವಿನ ಉತ್ಸಾಹದಲ್ಲಿ ಒಬ್ಬೊಬ್ಬರು ಹನ್ನೆರಡು ಮನೆ ಹೊತ್ತುಕೊಳ್ಳುತ್ತಾರೆ. ಎರಡು ತಿಂಗಳು ಹೋಗಿ ಬಿಟ್ಟುಬಿಟ್ಟರೆ ಆ ಮನೆಯವರಿಗೆ ಮೊದಲಿಗಿಂತ ಜಾಸ್ತಿ ಬೇಜಾರು. ಯಾರೂ ಬಾರದ ಬುಧವಾರಕ್ಕೆ ಅವರು ಹೇಗೋ ಒಗ್ಗಿಕೊಂಡಿದ್ದರು. ಈಗ ಬುಧವಾರ ಬಂತು ಅಂದರೆ ಗೇಟಿನ ಕಡೆ ನೋಡುತ್ತಾರೆ. ಹಾಗಾಗಿ ನಿಮ್ಮ ಕೈಲಾಗುವುದಕ್ಕಿಂತ ಕಡಿಮೆಯನ್ನೇ ಒಪ್ಪಿಕೊಳ್ಳಿ.

ಮನೆ ಹುಡುಕುವುದು

ಯಾರಿಗೆ ಬೇಕು ಅಂತ ಚರ್ಚಿನಲ್ಲಿ ಕೇಳಿದರೆ ಗೊತ್ತಾಗುವುದಿಲ್ಲ. ನಿಜವಾಗಿ ಬೇಕಾದವರು ಚರ್ಚಿಗೆ ಬರಲಾಗದೆ ಮನೆಯಲ್ಲೇ ಇರುತ್ತಾರೆ, ಬಂದವರೂ ನಾಚಿಕೆಗೆ ಬಾಯಿ ಬಿಡುವುದಿಲ್ಲ. ಚರ್ಚಿನ ವಾರ್ಡಿನ ಗುರ್ಕಾರರನ್ನು (ವಾರ್ಡಿನ ಮುಖಂಡರು) ಕೇಳಿ, ಸಿಸ್ಟರ್‌ಗಳನ್ನು ಕೇಳಿ. ಆಶಾ ಕಾರ್ಯಕರ್ತೆ ಮತ್ತು ಪೋಸ್ಟ್‌ಮ್ಯಾನ್‌ಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಯಾರ ಪಿಂಚಣಿ ನಿಂತಿದೆ, ಯಾರ ಮನೆಯ ಬಾಗಿಲು ಮಧ್ಯಾಹ್ನವಾದರೂ ತೆಗೆದಿರುವುದಿಲ್ಲ, ಎಲ್ಲ ಅವರ ಕಣ್ಣಿಗೆ ಬೀಳುತ್ತದೆ.

ವಯಸ್ಸಾದವರ ಮನೆ ಮಾತ್ರ ಅಲ್ಲ. ಗಂಡ ತೀರಿಕೊಂಡ ಹೊಸದರಲ್ಲಿ ಇರುವವರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವ ಸೊಸೆಯಂದಿರು, ಕುಡಿತ ಬಿಟ್ಟು ಒದ್ದಾಡುತ್ತಿರುವವರು, ಇವರೂ ಇರಲಿ. ಕಾಫಿ ತೋಟದ ಲೈನ್ ಮನೆಗಳನ್ನು, ಅಂದರೆ ಕೂಲಿಯವರ ಸಾಲು ಮನೆಗಳನ್ನು, ಮರೆಯಬೇಡಿ. ಅಲ್ಲಿ ಹಿಂದಿನಿಂದ ಇರುವ ತಮಿಳು ಕುಟುಂಬಗಳ ಜೊತೆಗೆ ಈಗ ಅಸ್ಸಾಂ, ಜಾರ್ಖಂಡ್ ಕಡೆಯವರೂ ಇದ್ದಾರೆ. ಅಲ್ಲಿಗೆ ಹೋಗುವ ಮುಂಚೆ ತೋಟದ ಮಾಲೀಕರಿಗೋ ಲೆಕ್ಕ ಬರೆಯುವ ರೈಟರ್‌ಗೋ ಒಂದು ಮಾತು ಹೇಳಿ. ಕೆಲಸ ಬಿಟ್ಟ ಮೇಲೆ ಸಂಜೆ ಹೋಗಿ. ಬಟವಾಡೆಯ ದಿನ, ಸಂತೆಯ ದಿನ ಬೇಡ.

ಕ್ರೈಸ್ತರಲ್ಲದ ಮನೆಗಳಿಗೂ ಹೋಗಬೇಕಾ? ಹೋಗಬೇಕು. ಲೂಕನ 10ನೇ ಅಧ್ಯಾಯದ ಸಮಾರ್ಯದವನು ಗಾಯಗೊಂಡವನ ಜಾತಿ ಕೇಳಲಿಲ್ಲ. ಅದನ್ನು ಹೇಗೆ ಮಾಡುವುದು ಅಂತ ಮುಂದೆ ಹೇಳುತ್ತೇನೆ, ಅಲ್ಲಿ ಹುಷಾರಾಗಿರಬೇಕಾದ ವಿಷಯಗಳಿವೆ.

ಹೋದ ಮೇಲೆ ಏನು ಮಾಡುವುದು

ಮೊದಲ ದಿನ ಖಾಲಿ ಕೈಯಲ್ಲಿ ಹೋಗಿ. ಹಣ್ಣು, ಬಿಸ್ಕೆಟ್ ಏನೂ ಬೇಡ. ಮೊದಲ ಸಲವೇ ಚೀಲ ಹಿಡಿದು ಹೋದರೆ ನೀವು ಕೊಡುವವರು, ಅವರು ತೆಗೆದುಕೊಳ್ಳುವವರು ಅಂತ ಆಗಿಬಿಡುತ್ತದೆ. ಆಮೇಲೆ ಆ ಲೆಕ್ಕ ಬದಲಾಗುವುದು ಕಷ್ಟ. ಅವರು ಕಾಫಿ ಕೊಟ್ಟರೆ ಬೇಡ ಅನ್ನಬೇಡಿ. ಬೆಲ್ಲದ ಕಾಫಿಯೋ ಕಷಾಯವೋ, ಅವರ ಕೈಯಿಂದ ತೆಗೆದುಕೊಂಡು ಕುಡಿಯಿರಿ. ಬಂದವರಿಗೆ ಏನಾದರೂ ಕೊಟ್ಟೆ ಅನ್ನುವುದು ನಮ್ಮ ಕಡೆಯ ಹಿರಿಯರಿಗೆ ದೊಡ್ಡ ಸಮಾಧಾನ.

ಕೂರಲು ಹೇಳಿದ ಕಡೆ ಕೂತುಕೊಳ್ಳಿ. ಜಗಲಿಯಲ್ಲೇ ಆದರೆ ಜಗಲಿ. ಒಳಗೆ ಕರೆಯುವ ತನಕ ಒಳಗೆ ಹೋಗಬೇಡಿ. ಮೊಬೈಲ್ ಜೇಬಿನಲ್ಲೇ ಇರಲಿ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಕಳೆದ ವಾರ ಹೇಳಿದ ಕಥೆಯನ್ನೇ ಅಜ್ಜ ಮತ್ತೆ ಹೇಳಿದರೆ ಮತ್ತೆ ಕೇಳಿ. ‘ಆವತ್ತು ಹೇಳಿದ್ರಲ್ಲ’ ಅನ್ನಬೇಡಿ.

ಕೇಳುವ ಪ್ರಶ್ನೆಯಲ್ಲೂ ಸ್ವಲ್ಪ ಗಮನ ಬೇಕು. ‘ಊಟ ಆಯ್ತಾ?’ ಅಂದರೆ ಯಾರೇ ಆದರೂ ‘ಆಯ್ತು’ ಅಂತಲೇ ಹೇಳುವುದು. ‘ಇವತ್ತು ಏನ್ ಸಾರು ಮಾಡಿದ್ರಿ ಅಜ್ಜಿ?’ ಅಂತ ಕೇಳಿ ನೋಡಿ. ‘ಬಸಳೆ ಸಾರು, ಚೂರು ಇದೆ, ಉಂಡ್ಕೊಂಡು ಹೋಗಿ’ ಅಂದರೆ ಆ ಮನೆ ಆರಾಮಾಗಿದೆ. ‘ಒಬ್ಬಳಿಗೆ ಏನ್ ಮಾಡದು ಮಗಾ, ಗಂಜಿ ಕುಡ್ದೆ’ ಅಂತ ಮೂರು ವಾರವೂ ಅಂದರೆ ಒಲೆ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಸೌದೆ ಮುಗಿದಿರಬಹುದು, ಸಿಲಿಂಡರ್ ಎತ್ತಿ ಇಡಲು ಆಗದೆ ಇರಬಹುದು, ಮನಸ್ಸೇ ಇಲ್ಲದಿರಬಹುದು. ಯಾವುದು ಅಂತ ಕಂಡುಹಿಡಿಯುವುದೇ ನಿಮ್ಮ ಕೆಲಸ.

ಹಾಗೆಯೇ ಮಾತ್ರೆ. ‘ಮಾತ್ರೆ ತಗೋತಿದ್ದೀರಾ?’ ಅಂತ ಕೇಳುವ ಬದಲು ಮಾತ್ರೆ ಶೀಟನ್ನು ಒಮ್ಮೆ ನೋಡಬಹುದಾ ಅಂತ ಕೇಳಿ. ಕಳೆದ ವಾರ ಆರು ಉಳಿದಿದ್ದ ಬಿಪಿ ಮಾತ್ರೆ ಈ ವಾರವೂ ಆರೇ ಇದ್ದರೆ ಗೊತ್ತಾಯ್ತಲ್ಲ. ಬೈಯಬೇಡಿ. ತಲೆ ಸುತ್ತು ಬರುತ್ತದೆ ಅಂತ ಬಿಟ್ಟಿರುತ್ತಾರೆ, ಇಲ್ಲವೇ ಪೇಟೆಗೆ ಹೋಗುವವರು ಯಾರೂ ಇಲ್ಲ ಅಂತ ದಿನ ಬಿಟ್ಟು ದಿನ ತೆಗೆದುಕೊಂಡು ಉಳಿಸುತ್ತಿರುತ್ತಾರೆ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವ ಏರ್ಪಾಡು ಮಾಡಿ. ನೀವಾಗೇ ಯಾವ ಮಾತ್ರೆಯನ್ನೂ ಹೇಳಬೇಡಿ, ನಿಲ್ಲಿಸಲೂ ಹೇಳಬೇಡಿ.

ಹೊರಡುವ ಮುಂಚೆ ಒಂದು ಸಣ್ಣ ಕೆಲಸ ಮಾಡಿಕೊಟ್ಟು ಬನ್ನಿ. ಟಾರ್ಚಿಗೆ ಸೆಲ್ಲು ಹಾಕುವುದು, ಹಂಡೆ ಒಲೆ ಹತ್ತಿರ ನಾಲ್ಕು ಸೌದೆ ತಂದಿಡುವುದು, ಮಗನಿಗೆ ವಿಡಿಯೊ ಕಾಲ್ ಮಾಡಿಕೊಡುವುದು. ನೆಟ್‌ವರ್ಕ್ ಸಿಗಲು ಅಂಗಳದ ತುದಿಗೆ ಹೋಗಬೇಕು ಅಂದರೆ ಕುರ್ಚಿಯನ್ನೇ ಅಲ್ಲಿಗೆ ಒಯ್ದು ಅಜ್ಜಿಯನ್ನು ಕೂರಿಸಿ.

ಕೊನೆಗೆ ಪ್ರಾರ್ಥನೆ. ನಮ್ಮದೇ ಸಭೆಯ ಮನೆಯಾದರೆ ಕೇಳಿ ಮಾಡಿ, ಚಿಕ್ಕದಾಗಿ ಮಾಡಿ. 23ನೇ ಕೀರ್ತನೆ ಓದಿದರೆ ಎಷ್ಟೋ ಹಿರಿಯರು ಪುಸ್ತಕ ನೋಡದೆ ನಿಮ್ಮ ಜೊತೆಗೇ ಹೇಳುತ್ತಾರೆ. ಚರ್ಚಿಗೆ ಬರಲಾಗದ ಕ್ಯಾಥೊಲಿಕರಿಗೆ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ತರುವ ಪದ್ಧತಿ ಅನೇಕ ಕಡೆ ಇದೆ. ನಿಮ್ಮ ಪಟ್ಟಿಯನ್ನು ಫಾದರ್‌ಗೆ ಕೊಟ್ಟರೆ ಅವರಿಗೆ ಯಾರ ಮನೆಗೆ ಹೋಗಬೇಕು ಅಂತ ಗೊತ್ತಾಗುತ್ತದೆ.

ಭಾಷೆ

ಇದನ್ನು ಬೇರೆಯಾಗಿಯೇ ಹೇಳಬೇಕು. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ಓದಿ. ಮೊದಲ ಸಭೆಯಲ್ಲೇ ಗೊಣಗಾಟ ಶುರುವಾಗಿದ್ದು, ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ. ಅದಕ್ಕೆ ಏಳು ಜನರನ್ನು ಆರಿಸಿದರು. ಮಲೆನಾಡಿನ ಚರ್ಚುಗಳಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ನಾಲ್ಕೂ ಇವೆ. ಭದ್ರಾವತಿಗೆ 2007ರಲ್ಲಿ ಕೇರಳ ಮೂಲದ ಕ್ಯಾಥೊಲಿಕರ ಸೀರೊ ಮಲಬಾರ್ ಧರ್ಮಪ್ರಾಂತ್ಯವೇ ಆಯಿತು ಅಂದರೆ ಈ ಭಾಗದಲ್ಲಿ ನೆಲೆ ನಿಂತ ಮಲಯಾಳಿ ಕುಟುಂಬಗಳು ಎಷ್ಟಿವೆ ಅಂತ ಗೊತ್ತಾಗುತ್ತದೆ. ಯಾವ ಭಾಷೆಯವರು ಕಮಿಟಿಯಲ್ಲಿ ಜಾಸ್ತಿ ಇದ್ದಾರೋ ಆ ಭಾಷೆಯ ಮನೆಗಳೇ ಪಟ್ಟಿಗೆ ಮೊದಲು ಬರುತ್ತವೆ. ಬೇಕೆಂದು ಯಾರೂ ಮಾಡುವುದಿಲ್ಲ, ತಾನಾಗೇ ಆಗುತ್ತದೆ. ಆದ್ದರಿಂದ ಪಟ್ಟಿ ಆದ ಮೇಲೆ ಒಮ್ಮೆ ನೋಡಿ: ಲೈನ್ ಮನೆಯ ತಮಿಳು ಅಜ್ಜಿ ಇದ್ದಾರಾ? ಇಲ್ಲದಿದ್ದರೆ ಪಟ್ಟಿ ಮುಗಿದಿಲ್ಲ. ಕಾಯಿಲೆ ಬಿದ್ದಾಗ ಮನುಷ್ಯ ಪ್ರಾರ್ಥಿಸುವುದು ತಾಯಿ ಕಲಿಸಿದ ಮಾತಿನಲ್ಲಿ. ಅದು ಬರುವವರೊಬ್ಬರು ಜೋಡಿಯಲ್ಲಿರಲಿ.

ಬೇರೆ ಧರ್ಮದವರ ಮನೆಯಲ್ಲಿ

ನಾವು ಯಾರು, ಎಲ್ಲಿಂದ ಬಂದಿದ್ದೇವೆ ಅಂತ ಮೊದಲೇ ಹೇಳಿ. ಮುಚ್ಚಿಡಬೇಡಿ. ಊರಿನ ಒಬ್ಬರಿಗೆ, ಪಂಚಾಯಿತಿ ಸದಸ್ಯರಿಗೋ ಆಶಾ ಅವರಿಗೋ, ವಿಷಯ ತಿಳಿಸಿರಿ. ಕರಪತ್ರ ಕೊಡಬೇಡಿ, ಪುಸ್ತಕ ಬಿಟ್ಟು ಬರಬೇಡಿ, ಚರ್ಚಿಗೆ ಕರೆಯಬೇಡಿ. ಅವರಾಗೇ ‘ನಮಗೂ ಒಂದು ಪ್ರಾರ್ಥನೆ ಮಾಡಿ’ ಅಂದರೆ ಮನೆಯವರೆಲ್ಲರ ಒಪ್ಪಿಗೆ ಇದೆಯಾ ನೋಡಿ. ಇಲ್ಲದಿದ್ದರೆ ‘ನಮ್ಮ ಪ್ರಾರ್ಥನೆಯಲ್ಲಿ ನೆನೆಸ್ಕೋತೀವಿ’ ಅಂದು ಬನ್ನಿ, ಹಾಗೆಯೇ ಚರ್ಚಿನಲ್ಲಿ ನೆನೆಯಿರಿ.

2022ರಲ್ಲಿ ಕರ್ನಾಟಕ ತಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಮತಾಂತರದ ಆಮಿಷ ಅಂದರೆ ಏನೇನು ಅಂತ ಪಟ್ಟಿ ಮಾಡಿತು. ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲ ಅದರಲ್ಲಿವೆ. ಹಾಗಾಗಿ ಕೊಡುವ ವಸ್ತು ಮತ್ತು ನಂಬಿಕೆಯ ಮಾತು ಎರಡೂ ಒಂದೇ ಭೇಟಿಯಲ್ಲಿ ಬೆರೆಯಬಾರದು. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಬದಲಿಗೆ ಏನೋ ಬೇಕು ಅಂತ ಕೊಟ್ಟರೆ ಅದು ಪ್ರೀತಿ ಅಲ್ಲ. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಮತ್ತಾಯನ 6ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ನಮಗೇ. ಅದೇ ಕಾರಣಕ್ಕೆ ಫೋಟೊ ಬೇಡ. ಯಾರ ಮನೆಯಲ್ಲೂ ಬೇಡ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಒಂದು ಫೋಟೊ ಆ ಮನೆಯ ಬಾಗಿಲನ್ನು ಎಂದೆಂದಿಗೂ ಮುಚ್ಚಿಸಬಹುದು.

ನೋಟ್‌ಬುಕ್, ದುಡ್ಡು, ಕಾಗದ ಪತ್ರ

ಒಂದು ಜೋಡಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್. ಮನೆಗೆ ಬಂದ ಮೇಲೆ ಬರೆಯಿರಿ, ಅವರ ಎದುರು ಬರೆಯಬೇಡಿ. ಉದ್ದ ಬೇಡ. ಹೀಗಿದ್ದರೆ ಸಾಕು: ‘ಜೂನ್, ಎರಡನೇ ಬುಧವಾರ. ಅಜ್ಜಿ ಆರಾಮ. ಎಡ ಮಂಡಿ ನೋವು. ಮಾತ್ರೆ ಇನ್ನು ಎಂಟು ದಿನಕ್ಕೆ ಮಾತ್ರ. ಬಚ್ಚಲ ಮೇಲಿನ ಹೆಂಚು ಸೋರುತ್ತಿದೆ. ಮಗನ ಹತ್ತಿರ ಮಾತಾಡಿಸಿದೆವು. ಮುಂದಿನ ಸಲ: ಟಾರ್ಚ್ ಸೆಲ್ಲು.’ ಜೋಡಿಯಲ್ಲಿ ಒಬ್ಬರು ಊರಿಗೆ ಹೋದರೆ ಬದಲಿ ಬಂದವರು ಇದನ್ನು ಓದಿಕೊಂಡು ಹೋಗಬಹುದು. ಮನೆ ಜಗಳ, ಸಾಲ, ಇಂಥದ್ದನ್ನು ಮಾತ್ರ ಬರೆಯಬೇಡಿ. ಪುಸ್ತಕ ಬೀರುವಿನೊಳಗೆ ಇರಲಿ.

ದುಡ್ಡನ್ನು ಭೇಟಿಗೆ ಹೋದವರು ಕೈಯಿಂದ ಕೊಡಬಾರದು. ಬೇಕಾದರೆ ಚರ್ಚಿನ ನಿಧಿಯಿಂದ ಔಷಧಿ ಅಂಗಡಿಗೋ ಆಟೋದವರಿಗೋ ನೇರವಾಗಿ ಹೋಗಲಿ. ಕಾಣಿಕೆ ಇಬ್ಬರು ಕೂತು ಎಣಿಸಲಿ. ವರ್ಷದ ಲೆಕ್ಕ ಹೇಳುವಾಗ ಮೊತ್ತ ಹೇಳಿ, ಹೆಸರು ಹೇಳಬೇಡಿ.

ಎಷ್ಟೋ ಸಲ ದುಡ್ಡಿಗಿಂತ ಕಾಗದ ಪತ್ರದ ಸಹಾಯವೇ ದೊಡ್ಡದು. ಸಂಧ್ಯಾ ಸುರಕ್ಷಾ ಅಥವಾ ವಿಧವಾ ಪಿಂಚಣಿ ನಿಂತಿದ್ದರೆ ಬಹಳ ಸಲ ಆಧಾರ್ ಜೋಡಣೆಯ ತೊಂದರೆ ಇರುತ್ತದೆ, ನಾಡಕಚೇರಿಗೆ ಕರೆದುಕೊಂಡು ಹೋಗಿ ಸರಿ ಮಾಡಿಸಬಹುದು. ಜೀವಮಾನ ಪೂರ್ತಿ ಅಡಿಕೆ ಸುಲಿದ ಕೈಯ ಬೆರಳಚ್ಚು ರೇಷನ್ ಅಂಗಡಿಯ ಮಷಿನ್‌ನಲ್ಲಿ ಬರದೆ ಹೋದರೆ ಜೊತೆಗೆ ನಿಂತು ಮಾತಾಡುವವರು ಬೇಕು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆ ಕಾರ್ಡ್ ಮಾಡಿಸಿ, ಕೈಗೆ ಸಿಗುವ ಕಡೆ ಇಡಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸೇರಿಸಿದ ಮೇಲೆ ಅದಕ್ಕಾಗಿ ಹುಡುಕಾಡುವಂತೆ ಆಗಬಾರದು.

ಫೋನ್ ಪಕ್ಕದ ಗೋಡೆಗೆ ದಪ್ಪ ಅಕ್ಷರದಲ್ಲಿ ನಂಬರ್ ಬರೆದು ಅಂಟಿಸಿ: ಆಂಬುಲೆನ್ಸ್ 108, ಹಿರಿಯರ ಸಹಾಯವಾಣಿ 14567, ನಿಮ್ಮ ಜೋಡಿಯ ನಂಬರ್. ಮಾತಿನ ನಡುವೆ ಯಾರಾದರೂ ‘ಇನ್ನು ಬದುಕಿ ಏನ್ ಮಾಡೋದು’ ಅಂದರೆ ‘ಹಂಗೆಲ್ಲ ಮಾತಾಡಬಾರದು’ ಅಂತ ಬಾಯಿ ಮುಚ್ಚಿಸಬೇಡಿ. ಯಾಕೆ ಹಾಗನ್ನಿಸುತ್ತಿದೆ ಅಂತ ಕೇಳಿ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿಯೇ ಕೇಳಿ, ಕೇಳುವುದರಿಂದ ಕೆಟ್ಟದಾಗುವುದಿಲ್ಲ. ಅಂಥವರನ್ನು ಆ ದಿನ ಒಂಟಿಯಾಗಿ ಬಿಟ್ಟು ಬರಬೇಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಮಾತಾಡುತ್ತಾರೆ, ಪುಕ್ಕಟೆ.

ಮಳೆ ಮತ್ತು ಬೇಸಿಗೆಯ ಲೆಕ್ಕ

ಮೇ ತಿಂಗಳ ಕೊನೆಯ ಎರಡು ವಾರ ಯುವಕರಿಗೆ ಕೆಲಸ ಕೊಡಿ. ಒಂಟಿ ಮನೆಗಳ ಹೆಂಚು ಕೈಯಾಡಿಸಬೇಕು, ಸೌದೆ ಒಳಗೆ ಹಾಕಬೇಕು, ಅಂಗಳದ ನೀರು ಹೋಗುವ ಕಾಲುವೆ ಬಿಡಿಸಬೇಕು. ಮಾಡಿನ ಮೇಲೆ ಹತ್ತಲು ಕೆಲಸ ಗೊತ್ತಿರುವವರೇ ಬೇಕು, ಹುಡುಗರು ಕೆಳಗೆ ನಿಂತು ಹೆಂಚು ಕೊಡಲಿ. ಜೂನ್ ಮೊದಲ ವಾರದೊಳಗೆ ಪ್ರತಿ ಮನೆಯಲ್ಲಿ ಒಂದು ತಿಂಗಳ ಮಾತ್ರೆ, ಟಾರ್ಚ್, ಮೇಣದ ಬತ್ತಿ ಇರಲಿ. ಮರ ಬಿದ್ದು ಕರೆಂಟ್ ಹೋದರೆ ವಾರವಾದರೂ ಬರದ ಊರುಗಳಿವೆ, ನಿಮಗೇ ಗೊತ್ತಲ್ವಾ. ಹೊಳೆ ತುಂಬಿ ಸಂಕ ಮುಳುಗಿದ ದಿನ ಹೋಗುವ ಸಾಹಸ ಮಾಡಬೇಡಿ. ಆ ದಿನ ಫೋನ್ ಮಾಡಿ. ಫೋನ್ ಸಿಗದಿದ್ದರೆ ಆಚೆ ದಡದಲ್ಲಿ ಯಾರಿಗೆ ಹೇಳಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡಿರಿ.

ಅಜ್ಜ ಅಜ್ಜಿಯರ ದಿನವನ್ನು ಪೋಪ್ ಫ್ರಾನ್ಸಿಸ್ 2021ರಲ್ಲಿ ಶುರು ಮಾಡಿದರು, ಜುಲೈ ನಾಲ್ಕನೇ ಭಾನುವಾರ. ನಮ್ಮಲ್ಲಿ ಅದು ಪುಷ್ಯ ಮಳೆಯ ಹೊತ್ತು. ಹಿರಿಯರನ್ನು ಜೀಪಿನಲ್ಲಿ ಒದ್ದೆ ಮಾಡಿಕೊಂಡು ಚರ್ಚಿಗೆ ಕರೆತಂದು ಸನ್ಮಾನ ಮಾಡುವುದಕ್ಕಿಂತ ಆ ಭಾನುವಾರ ಮಧ್ಯಾಹ್ನ ಬಿಸಿ ಊಟದ ಕ್ಯಾರಿಯರ್ ಹಿಡಿದು ನಾವೇ ಹೋಗುವುದು ಒಳ್ಳೆಯದು. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೂ (ಮಾತೆ ಮರಿಯಳ ಜನ್ಮದಿನ, ಹೊಸ ಬೆಳೆಯ ಹಬ್ಬ) ಹಾಗೆಯೇ. ಪೂಜೆಯಲ್ಲಿ ಆಶೀರ್ವದಿಸಿದ ತೆನೆ ಆ ಮನೆಗಳಿಗೆ ಅದೇ ದಿನ ಸೇರಬೇಕು. ಮರುದಿನ ಕೊಟ್ಟರೆ ಹಬ್ಬ ಮುಗಿದಿರುತ್ತದೆ.

ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ನೆನಪಿರಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ಕಾಯಿಲೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವ ತೆಗೆದಿದೆ. ಉಣುಗಿನಿಂದ ಬರುವ ಕಾಯಿಲೆ ಇದು. ಕಾಡಂಚಿನ ಮನೆಯವರು ದರಗು (ಒಣಗಿದ ಎಲೆ) ಗುಡಿಸಲು ಹೋಗುತ್ತಾರಾ ಕೇಳಿ. ಹೋಗಲೇಬೇಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಲಿ, ಬಂದು ಬಿಸಿನೀರಲ್ಲಿ ಸ್ನಾನ ಮಾಡಲಿ. ನೀವು ಆ ಮನೆಗೆ ಹೋಗುವಾಗಲೂ ಹಚ್ಚಿಕೊಳ್ಳಿ. ಜೋರು ಜ್ವರ, ತಲೆನೋವು, ಮೈಕೈ ನೋವು ಕಂಡರೆ ಕಷಾಯ ಕುಡಿದು ಕಾಯುವುದು ಬೇಡ, ಅದೇ ದಿನ ಆಸ್ಪತ್ರೆಗೆ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆಶಾ ಅವರಿಗೆ ತಿಳಿಸಿ. ಪೂಜೆಯ ಕೊನೆಯ ಪ್ರಕಟಣೆಯಲ್ಲಿ ಈ ನಾಲ್ಕು ಮಾತು ಹೇಳಿದರೆ ಅದೂ ಸೇವೆಯೇ.

ಅಡಿಕೆ ಕೊಯ್ಲು, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಭೇಟಿಗೆ ಹೋಗುವವರಿಗೇ ಪುರುಸೊತ್ತು ಇರುವುದಿಲ್ಲ. ಆಗ ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೊಮ್ಮೆ ಆಗಲಿ, ಆದರೆ ಹಾಗಂತ ಆ ಮನೆಯವರಿಗೆ ಮೊದಲೇ ಹೇಳಿ ಬನ್ನಿ.

ಹೊಸ ಮನೆ ಸೇರಿಸುವುದು

ತಿಂಗಳಿಗೊಮ್ಮೆ ಜೋಡಿಗಳೆಲ್ಲ ಒಂದು ಗಂಟೆ ಕೂತು ಮಾತಾಡಿ. ಯಾವ ಮನೆ ತಪ್ಪಿತು, ಯಾಕೆ ತಪ್ಪಿತು, ಯಾರಿಗೆ ಸುಸ್ತಾಗಿದೆ. ಸುಸ್ತಾದವರಿಗೆ ಒಂದು ತಿಂಗಳು ಬಿಡುವು ಕೊಡಿ, ಅವರ ಮನೆಗಳನ್ನು ಬೇರೆ ಜೋಡಿ ನೋಡಿಕೊಳ್ಳಲಿ. ಯಾರಾದರೂ ತೀರಿಕೊಂಡರೆ ಮಣ್ಣು ಮಾಡಿದ ದಿನಕ್ಕೆ ಆ ಮನೆಯನ್ನು ಪಟ್ಟಿಯಿಂದ ತೆಗೆಯಬೇಡಿ. ಉಳಿದವರ ಹತ್ತಿರ ಕನಿಷ್ಠ ಒಂದು ವರ್ಷ ಹೋಗಿ. ನೆಂಟರೆಲ್ಲ ಹೊರಟು ಹೋದ ಮೇಲಿನ ವಾರಗಳೇ ಕಷ್ಟದವು.

ಡಿಸೆಂಬರ್‌ನಲ್ಲಿ ಕ್ಯಾರಲ್ ತಂಡ ಮನೆಮನೆಗೆ ಹೋಗುತ್ತದಲ್ಲ, ಆಗ ಜೋಡಿಯಲ್ಲಿ ಒಬ್ಬರಾದರೂ ಜೊತೆಗಿರಿ. ಹಾಡಿನ ಸದ್ದಿಗೆ ತಡವಾಗಿ ಬಾಗಿಲು ತೆಗೆದ ಮನೆ, ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ತಟ್ಟೆ ಹಿಡಿಯುವಾಗ ಕೈ ನಡುಗಿದವರು, ದೀಪ ಒಂದೇ ಕೋಣೆಯಲ್ಲಿ ಉರಿಯುತ್ತಿದ್ದ ಮನೆ, ಇವನ್ನು ನೆನಪಿಟ್ಟು ಬರೆದುಕೊಳ್ಳಿ. ಜನವರಿ ಮೊದಲ ವಾರ ಅಲ್ಲಿಗೆ ಹೋಗಿ. ಹೊಸ ಜೋಡಿ ಸಿಕ್ಕಿದ್ದರೆ ಮಾತ್ರ ಅವುಗಳನ್ನು ಪಟ್ಟಿಗೆ ಸೇರಿಸಿ, ಇಲ್ಲದಿದ್ದರೆ ಮೊದಲು ಜೋಡಿ ಹುಡುಕಿ.